ಎಕ್ಸೆಲ್ ಪುಸ್ತಕದಲ್ಲಿ ದಾರಿ ಕಾಣುವ ಬಗೆ

ಪೂರ್ವ ವಿದ್ಯಾರ್ಥಿನಿಯೊಬ್ಬಳು ಜನ್ಮದಿನಾಂಕದ ದೃಢೀಕರಣಕ್ಕಾಗಿ ಶಾಲೆಗೆ ಬರೆಯುವಾಗ, ಅವಳ ಪಿಂಚಣಿಯೋ ಪಾಸ್‌ಪೋರ್ಟೋ ರಿಜಿಸ್ಟರಿನ ಆ ಒಂದು ಸಾಲನ್ನೇ ಕಾದಿರುವುದುಂಟು. ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಗಣಕಯಂತ್ರದ ಎಕ್ಸೆಲ್ ಪುಸ್ತಕಕ್ಕೆ ಇಳಿಸಿದ ಮಾತ್ರಕ್ಕೆ ಆ ಸಾಲು ಕೈಗೆ ಸಿಕ್ಕದು. ಒಂದೊಂದು ಹಾಳೆಯಲ್ಲಿಯೂ 10,48,576 ಸಾಲುಗಳಿಗೆ ಎಡೆಯುಂಟು. ವರ್ಷಕ್ಕೊಂದರಂತೆ ಹಾಳೆಗಳು ಹೆಚ್ಚಿದರೆ ಅವುಗಳ ಹೆಸರುಗಳು ಪರದೆಯಾಚೆಗೆ ಸರಿದುಹೋಗುವುವು.

ಆದುದರಿಂದ ಮೊದಲನೆಯ ಹಾಳೆಯನ್ನು ಪರಿವಿಡಿಗೆಂದೇ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ವರ್ಷಗಳನ್ನು ಬರೆದು, ಕಂಟ್ರೋಲ್ ಮತ್ತು ಕೆ ಕೀಲಿಗಳನ್ನು ಕೂಡಿ ಒತ್ತಿ, ಒಂದೊಂದು ವರ್ಷಕ್ಕೂ ಅದರ ಹಾಳೆಯ ಕೊಂಡಿಯನ್ನು ಹಾಕತಕ್ಕದ್ದು. ಆದರೆ ಹಾಳೆಗಳಿಗೆ ಹೆಸರಿಡುವ ಕೆಲಸವು ಮೊದಲೇ ಮುಗಿದಿರಬೇಕು. ಹೆಸರನ್ನು ಅನಂತರ ಬದಲಿಸಿದರೆ ಇಂಥ ಕೊಂಡಿಗಳು ಕಡಿದುಹೋಗಬಹುದು. ‘ಶೀಟ್ 7’ ಎಂಬುದು ಯಾರಿಗೂ ಏನನ್ನೂ ತಿಳಿಸದು. ‘1948 ದಾಖಲಾತಿ’ ಎಂದಿಡಿರಿ. ಪ್ರತಿ ಹಾಳೆಯ ಮೊದಲ ಚೌಕದಲ್ಲಿ ಪರಿವಿಡಿಗೆ ಮರಳುವ ಕೊಂಡಿಯೂ ಇರಲಿ. (ಹೋಗುವ ದಾರಿ ಮಾಡಿದವರು ಬರುವ ದಾರಿಯನ್ನು ಮರೆಯುವುದೇ ಹೆಚ್ಚು.) ಆ ಕೊಂಡಿಯ ಸಾಲನ್ನೂ ಅದರ ಕೆಳಗಣ ತಲೆಬರಹದ ಸಾಲನ್ನೂ ‘ಫ್ರೀಜ್ ಪೇನ್ಸ್’ ಎಂಬ ಆಜ್ಞೆಯಿಂದ ನಿಲ್ಲಿಸತಕ್ಕದ್ದು. ಆಗ ಎಷ್ಟು ಕೆಳಕ್ಕಿಳಿದರೂ ಅವೆರಡೂ ಕಣ್ಣೆದುರಿಗಿರುವುವು. ಗುಮಾಸ್ತರು ದಾಖಲಾದ ದಿನವನ್ನು ಹುಟ್ಟಿದ ದಿನವೆಂದು ಓದಿ ಬರೆದುಕೊಡುವ ಭಯವೂ ಕಡಿಮೆಯಾಗುವುದು.