ಹುತಾತ್ಮ ಯೋಧರ ಮನೆಯವರಿಗೆ ತಿಕೀಟು ಮಾಫಿ: ಮನೆಯವರು ಅಂದರೆ ಯಾರ್ಯಾರು?

ಉಮರ್ಗಾ: ಸೈನ್ಯದಲ್ಲಿದ್ದ ಹುಡುಗ ಗಡಿಯಲ್ಲಿ ವೀರಮರಣ ಹೊಂದಿದ ಸುದ್ದಿ ಬಂದರೆ ನಮ್ಮ ಕಡೆ ಊರಿಗೆ ಊರೇ ಅಂತ್ಯಯಾತ್ರೆಗೆ ನೆರೆಯುತ್ತದೆ. ಅಂಗಡಿ ಬಂದ್ ಆಗುತ್ತವೆ, ತ್ರಿವರ್ಣ ಧ್ವಜ ಬರುತ್ತದೆ, ಬಂದೂಕಿನ ಸಲಾಮಿ ಆಗುತ್ತದೆ, ಪುಢಾರಿಗಳು ಮಾತಾಡುತ್ತಾರೆ. ಅದಾಗಿ ಐದು ವರ್ಷಕ್ಕೆ ಆ ಹುಡುಗನ ತಾಯಿ-ತಂದೆ ಎಲ್ಲಿಗಾದರೂ ಹೋಗಿ ತಿಕೀಟಿನ ಕಿಟಕಿ ಮುಂದೆ ನಿಂತರೆ, ಇವರು ಯಾರು ಅಂತ ಕೇಳುವವರು ಇರುತ್ತಾರೆಯೇ?

ಇದಕ್ಕೆ ಅಮೆರಿಕದವರು ಮಾಡಿದ ಒಂದು ವ್ಯವಸ್ಥೆ ಇದೆ. ನಮ್ಮಲ್ಲಿಯೂ ಕೆಲವು ಸವಲತ್ತು ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮಲ್ಲಿ ಕಡಿಮೆ ಬಿದ್ದದ್ದು ಏನು ಅನ್ನುವುದು ತಿಳಿಯುತ್ತದೆ.

ಬಂಗಾರದ ನಕ್ಷತ್ರದ ಮನೆಗಳು

ಒಂದನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಗ ಯುದ್ಧಕ್ಕೆ ಹೋದ ಮನೆಯ ಕಿಟಕಿಗೆ ನೀಲಿ ನಕ್ಷತ್ರದ ಬಾವುಟ ಕಟ್ಟುತ್ತಿದ್ದರು. ಮಗ ಸತ್ತರೆ ಆ ನೀಲಿಯ ಮೇಲೆ ಬಂಗಾರ ಬಣ್ಣದ ನಕ್ಷತ್ರ ಹೊಲಿಯುತ್ತಿದ್ದರು. ಅಂದಿನಿಂದ ಯೋಧನನ್ನು ಕಳೆದುಕೊಂಡ ಮನೆಗೆ 'ಗೋಲ್ಡ್ ಸ್ಟಾರ್' ಕುಟುಂಬ ಅಂತ ಹೆಸರು.

2020ರ ನವೆಂಬರ್ 11ರಿಂದ ಈ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರವೇಶ ಉಚಿತ ಮಾಡಿದರು. ಮೊದಲು ಅದು ಮಂತ್ರಿಯ ಆದೇಶ ಮಾತ್ರ. 2021ರ ಡಿಸೆಂಬರ್‌ನಲ್ಲಿ ಅದನ್ನೇ ಕಾಯ್ದೆಯಲ್ಲಿ ಸೇರಿಸಿದರು. 2022ರ ನವೆಂಬರ್ 11ರಿಂದ ಆಜೀವ ಪಾಸ್ ಬಂತು. 2,000ಕ್ಕೂ ಹೆಚ್ಚು ಸರಕಾರಿ ತಾಣಗಳಲ್ಲಿ ಈ ಪಾಸ್ ನಡೆಯುತ್ತದೆ. ಯೆಲ್ಲೋಸ್ಟೋನ್‌ನಂಥ ದೊಡ್ಡ ಉದ್ಯಾನದಲ್ಲಿ ಒಂದು ಗಾಡಿಗೆ 35 ಡಾಲರ್ ಶುಲ್ಕ ಇಟ್ಟಿದ್ದರು. ಪಾಸ್ ಇದ್ದವರಿಗೆ ಅದು ಮಾಫಿ. ಡೇರೆ ಹಾಕಿ ಉಳಿಯುವ ಬಾಡಿಗೆಯನ್ನು ಮಾತ್ರ ಬೇರೆ ಕೊಡಬೇಕು.

ಗಮನಿಸಬೇಕಾದ ಮಾತು ಇನ್ನೊಂದಿದೆ. ಗೋಲ್ಡ್ ಸ್ಟಾರ್ ಮನೆಯವರು ಅಂದರೆ ಹೆಂಡತಿ ಒಬ್ಬಳೇ ಅಂತ ಅಲ್ಲಿ ಹಿಡಿದಿಲ್ಲ. ತಾಯಿ, ತಂದೆ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲರೂ ಬರುತ್ತಾರೆ. ತಾವು ಅರ್ಹರು ಅಂತ ತಾವೇ ದೃಢೀಕರಿಸಿ, ಒಂದು ಚೀಟಿ ತೆಗೆದುಕೊಂಡು ಗೇಟಿನಲ್ಲಿ ತೋರಿಸಿದರೆ ಆಯಿತು.

ನಮ್ಮಲ್ಲಿ ಇರುವುದು

ಮಹಾರಾಷ್ಟ್ರದ ಎಸ್‌ಟಿ ಮಹಾಮಂಡಳ 2018ರಲ್ಲಿ ಶಹೀದ ಸನ್ಮಾನ ಯೋಜನೆ ತಂದಿತು. ಅದರಲ್ಲಿ ವೀರಪತ್ನಿಗೆ ಎಸ್‌ಟಿ ಬಸ್ಸಿನಲ್ಲಿ ಆಜೀವ ಉಚಿತ ಪ್ರಯಾಣ. 2020ರಲ್ಲಿ ಮಾಜಿ ಸೈನಿಕರಿಗೂ ಸೈನಿಕರ ವಿಧವೆಯರಿಗೂ ಒಂದು ಮನೆಯ ಮಟ್ಟಿಗೆ ಮನೆಪಟ್ಟಿ ಮಾಫಿ ಮಾಡುವ ನಿರ್ಣಯ ಆಯಿತು. ಗ್ರಾಮ ಪಂಚಾಯತಿಯಿಂದ ನಗರ ಪರಿಷದ್‌ವರೆಗೆ ಅದು ಅನ್ವಯ.

ರೈಲ್ವೆಯ ಕಥೆ ಬೇರೆ. ಯುದ್ಧವಿಧವೆಯರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್ ತಿಕೀಟಿನಲ್ಲಿ ಶೇ. 75 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲಕ್ಕೆ, ಅಂಗವಿಕಲರು, ಕೆಲ ರೋಗಿಗಳು ಮತ್ತು ವಿದ್ಯಾರ್ಥಿಗಳದ್ದು ಬಿಟ್ಟು ಉಳಿದ ರಿಯಾಯಿತಿ ಎಲ್ಲ ನಿಲ್ಲಿಸಿದರು. ಅದರಲ್ಲಿ ಇದೂ ಹೋಯಿತು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗುತ್ತದೆ. ಅಮೆರಿಕದವರು ಒಂದೇ ವರ್ಷದಲ್ಲಿ ಆದೇಶವನ್ನು ಕಾಯ್ದೆ ಮಾಡಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ತಾಯಿ-ತಂದೆ ಎಲ್ಲಿ?

ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ವೇದಿಕೆ ಮೇಲೆ ವೀರಪತ್ನಿ, ವೀರಮಾತಾ, ವೀರಪಿತಾ ಅಂತ ಮೂವರಿಗೂ ಶಾಲು ಹೊದಿಸುತ್ತಾರೆ. ಎಸ್‌ಟಿ ಪಾಸ್ ಮಾತ್ರ ಪತ್ನಿಯ ಹೆಸರಿಗೆ. ತಾಯಿಗೆ ಸಿಗುವುದು 2023ರ ಮಾರ್ಚ್ 17ರಿಂದ ಎಲ್ಲ ಹೆಣ್ಣುಮಕ್ಕಳಿಗೆ ಕೊಟ್ಟ ಅರ್ಧ ತಿಕೀಟು. 75 ದಾಟಿದರೆ ಪೂರ್ತಿ ಮಾಫಿ, ಅದೂ ಎಲ್ಲ ಹಿರಿಯರಿಗೆ ಇರುವಂಥದ್ದೇ. ತಂದೆಗೆ 65 ತುಂಬಿಲ್ಲವೆಂದರೆ ಪೂರಾ ತಿಕೀಟು. ಮಗ ದೇಶಕ್ಕೆ ಪ್ರಾಣ ಕೊಟ್ಟ ಅಂತ ಅವರಿಬ್ಬರಿಗೆ ಬಸ್ಸಿನಲ್ಲಿ ಬೇರೆ ಗುರುತು ಏನೂ ಇಲ್ಲ. ಮದುವೆ ಆಗದೆಯೇ ಹುಡುಗ ಹೋಗಿದ್ದರೆ ಆ ಮನೆಯಲ್ಲಿ ಪಾಸ್ ಯಾರ ಹೆಸರಿಗೆ?

ಕಾಗದದ ತಕರಾರೂ ಇದೆ. ನಾವು 'ಹುತಾತ್ಮ', 'ಶಹೀದ' ಅಂತ ಬರೆಯುತ್ತೇವೆ. ರಕ್ಷಣಾ ಇಲಾಖೆಯ ದಫ್ತರದಲ್ಲಿ ಅಂಥ ಅಧಿಕೃತ ಶಬ್ದ ಇಲ್ಲ ಅಂತ ಸರಕಾರವೇ ಸಂಸತ್ತಿನಲ್ಲಿ ಹೇಳಿದೆ. ಅಲ್ಲಿ ನಡೆಯುವುದು 'ಬ್ಯಾಟಲ್ ಕ್ಯಾಜುವಲ್ಟಿ' ಅನ್ನುವ ಶಬ್ದ. ಸೈನ್ಯದ ಕಾಗದ ಇಂಗ್ಲಿಷಿನಲ್ಲಿ, ತಹಸೀಲಿಯ ಅರ್ಜಿ ಮರಾಠಿಯಲ್ಲಿ, ಮನೆಯಲ್ಲಿ ಮಾತು ಕನ್ನಡದಲ್ಲಿ. ನಮ್ಮ ಗಡಿ ಹಳ್ಳಿಯ ತಾಯಿ ಈ ಮೂರನ್ನೂ ದಾಟಿ ಕೌಂಟರ್‌ವರೆಗೆ ಬರಬೇಕು.

ಗಡಿ ದಾಟಿದರೆ

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇಂದಿಗೂ ಬೀಗತನ, ಜಾತ್ರೆ ಆ ಕಡೆಗೆ ಇವೆ. ಆದರೆ ಸವಲತ್ತು ಗಡಿ ದಾಟುವುದಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿ ಹೆಣ್ಣುಮಕ್ಕಳಿಗೆ, ರಾಜ್ಯದ ಒಳಗಿನ ಓಡಾಟಕ್ಕೆ. ಬೀದರ ಕೋಟೆ ನೋಡಲು ಹೋಗುವ ಉದಗೀರದ ವೀರಮಾತೆ ಮಹಾರಾಷ್ಟ್ರದ ಆಧಾರ ತೋರಿಸಿದರೆ ತಿಕೀಟು ತೆಗೆಯಲೇಬೇಕು. ಮಗ ಕಾದದ್ದು ಮಾತ್ರ ಎರಡೂ ರಾಜ್ಯದವರ ಗಡಿಯನ್ನು.

ಇಲ್ಲಿಯೇ ಆಗಬಹುದಾದ ಕೆಲಸ

ದೊಡ್ಡ ಕಾಯ್ದೆ ದಿಲ್ಲಿ, ಮುಂಬಯಿಯಲ್ಲಿ ಆಗಬೇಕು. ಚಿಕ್ಕದು ಇಲ್ಲಿಯೇ ಆಗಬಹುದು. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ನಗರ ಪರಿಷದ್ ಇದೆ. ತಮ್ಮ ಕೈಯಲ್ಲಿರುವ ಉದ್ಯಾನ, ಸಭಾಗೃಹ, ಪ್ರದರ್ಶನಗಳಲ್ಲಿ ಶುಲ್ಕ ಇದ್ದಲ್ಲಿ ಹುತಾತ್ಮ ಯೋಧರ ಪತ್ನಿ, ಮಕ್ಕಳು, ತಾಯಿ, ತಂದೆಗೆ ಮಾಫಿ ಅಂತ ಒಂದು ಠರಾವು ಮಾಡಿದರೆ ತಿಜೋರಿಗೆ ಏನೂ ಭಾರವಿಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್ ಜವಾನರ ಮನೆಯವರನ್ನೂ ಅದರಲ್ಲಿ ಸೇರಿಸಬೇಕು. ಗೇಟಿನ ಫಲಕ ಮರಾಠಿ, ಕನ್ನಡ ಎರಡರಲ್ಲಿಯೂ ಇರಲಿ. ಲಾತೂರ ಮತ್ತು ಧಾರಾಶಿವದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ದಾಖಲೆ ನೋಡಿ ಒಂದು ಕಾರ್ಡು ಕೊಟ್ಟರೆ ಪ್ರತಿ ಸಲ ಕಾಗದ ಹಿಡಿದು ಅಲೆಯುವುದು ತಪ್ಪುತ್ತದೆ.

ಪುಕ್ಕಟೆ ಉದ್ಯಾನದಲ್ಲಿ ಮಾಫಿ ಯಾತಕ್ಕೆ ಅಂತ ಕೇಳುವವರು ಇದ್ದಾರೆ. ಹತ್ತಿಪ್ಪತ್ತು ರೂಪಾಯಿಗಾಗಿ ಯಾವ ತಾಯಿಯೂ ಕೈಚಾಚುವುದಿಲ್ಲ. ಗೇಟಿನವನು ಕಾರ್ಡು ನೋಡಿ, 'ಬರ್ರಿ ಆಯಿ' ಅಂತ ಒಳಗೆ ಕರೆದರೆ ತನ್ನ ಮಗನನ್ನು ಊರು ಮರೆತಿಲ್ಲ ಅನ್ನುವುದು ಆಕೆಗೆ ತಿಳಿಯುತ್ತದೆ.

1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತ ಬಂದಿದೆ. ಆ ದಿನ ಶಾಲೆ, ಕಚೇರಿಗಳಲ್ಲಿ ನಿಧಿ ಕೂಡಿಸುತ್ತೇವೆ, ಎದೆಗೆ ಧ್ವಜ ಚುಚ್ಚಿಕೊಳ್ಳುತ್ತೇವೆ. ಈ ಸಲ ಆ ದಿನಕ್ಕಿಂತ ಮೊದಲು ಮೂರೂ ಊರಿನ ನಗರಸೇವಕರು ಈ ಠರಾವು ಸಭೆಯ ಮುಂದೆ ತರಲಿ.