ಹಿಂದಕ್ಕೆ ಎಳೆಯಲಾಗದ ಪೆಟ್ಟಿಗೆ

ಸೊಕೊಬಾನ್ ಎಂಬ ಕಂಪ್ಯೂಟರ್ ಆಟದಲ್ಲಿ ಇರುವುದು ಒಂದು ಗೋದಾಮು, ನಾಲ್ಕಾರು ಪೆಟ್ಟಿಗೆ, ಒಬ್ಬ ಆಳು. ಪ್ರತಿ ಪೆಟ್ಟಿಗೆಯನ್ನೂ ಗುರುತು ಹಾಕಿದ ಜಾಗಕ್ಕೆ ತಳ್ಳಿ ನಿಲ್ಲಿಸಬೇಕು. ಆಳು ತಳ್ಳಬಲ್ಲ, ಎಳೆಯಲಾರ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಎರಡು ಒಂದರ ಹಿಂದೊಂದು ನಿಂತಿದ್ದರೆ ಎರಡೂ ಆ ದಿಕ್ಕಿಗೆ ಅಲುಗುವುದಿಲ್ಲ. ಜಪಾನಿನ ಹಿರೊಯುಕಿ ಇಮಬಾಯಾಶಿ 1981ರಲ್ಲಿ ಇದನ್ನು ರೂಪಿಸಿದರು. ಥಿಂಕಿಂಗ್ ರ್‍ಯಾಬಿಟ್ ಕಂಪನಿ ಮರುವರ್ಷ ಅದನ್ನು ಮಾರುಕಟ್ಟೆಗೆ ತಂದಿತು. ಜಪಾನಿ ಭಾಷೆಯಲ್ಲಿ ಆ ಹೆಸರಿಗೆ ಗೋದಾಮು ನೋಡಿಕೊಳ್ಳುವವನು ಎಂದೇ ಅರ್ಥ. ಕಂಪ್ಯೂಟರಿನಲ್ಲಿ ಸರಕು ಸಾಗಿಸುವ ಒಗಟಿನ ಆಟಗಳಿಗೆಲ್ಲ ಇದು ಹಿರಿಯಣ್ಣನಂತಿದೆ.

ಈ ಆಟದ ಬಗ್ಗೆ ಆಟಗಾರರ ಅಭಿಪ್ರಾಯ ಮೊದಲು ಒಡೆಯುವುದು ಗೋದಾಮಿನ ಮೂಲೆಯಲ್ಲಿ. ಗುರುತಿಲ್ಲದ ಮೂಲೆಗೆ ಪೆಟ್ಟಿಗೆ ಸೇರಿತೆಂದರೆ ಅದನ್ನು ಹೊರಗೆ ತರುವ ದಾರಿಯೇ ಇಲ್ಲ. ಆಟ ಅಲ್ಲಿಗೆ ಮುಗಿಯಿತು ಎಂದು ಯಾರೂ ಹೇಳುವುದೂ ಇಲ್ಲ. ಆಡುವವನಿಗೆ ಇನ್ನೂ ಇಪ್ಪತ್ತು ಹೆಜ್ಜೆ ನಡೆದ ಮೇಲೆ ತನ್ನ ತಪ್ಪು ಯಾವಾಗಲೋ ಆಗಿಹೋಗಿದೆ ಎಂಬುದು ಅರಿವಾಗುತ್ತದೆ. ಹೊಸಬರಿಗೆ ಇದು ಅನ್ಯಾಯವೆನಿಸುತ್ತದೆ. ಪಳಗಿದವರಿಗೆ ಆಟದ ಜೀವ ಇರುವುದೇ ಅಲ್ಲಿ. ಇಟ್ಟ ಹೆಜ್ಜೆಯನ್ನು ವಾಪಸು ಪಡೆಯುವ ಗುಂಡಿ ಇರಬೇಕೇ ಬೇಡವೇ ಎಂಬ ವಾದ ಹುಟ್ಟುವುದೂ ಇದರಿಂದ. ಇನ್ನೊಂದು ವಾದ ಲೆಕ್ಕದ್ದು. ಕೆಲವರು ಒಟ್ಟು ಹೆಜ್ಜೆಗಳನ್ನು ಎಣಿಸುತ್ತಾರೆ, ಕೆಲವರು ಪೆಟ್ಟಿಗೆ ತಳ್ಳಿದ್ದನ್ನು ಮಾತ್ರ. ಹೆಜ್ಜೆ ಉಳಿಸಿದವನು ಹೆಚ್ಚು ತಳ್ಳಿರಬಹುದು, ತಳ್ಳುವುದನ್ನು ಉಳಿಸಿದವನು ಗೋದಾಮನ್ನೆಲ್ಲ ಸುತ್ತಿರಬಹುದು. ಎರಡನ್ನೂ ಒಟ್ಟಿಗೆ ಕಡಿಮೆ ಮಾಡುವುದು ಎಲ್ಲ ಕಡೆ ಸಾಧ್ಯವಿಲ್ಲ. ಹೀಗಾಗಿ ಯಾರ ಉತ್ತರ ಮೇಲು ಎಂಬುದಕ್ಕೆ ಎರಡು ಪಟ್ಟಿಗಳೇ ಬೇಕಾಗುತ್ತವೆ.

ಸೊಕೊಬಾನ್‌ಗಿಂತ ಮೊದಲೇ ರೈಲಿನ ಮಾದರಿ ಕಟ್ಟುವ ಹವ್ಯಾಸಿಗಳು ಇಂಥದೇ ಒಗಟು ಮಾಡಿಕೊಂಡಿದ್ದರು. ಅಮೆರಿಕದ ಜಾನ್ ಆಲೆನ್ 1972ರಲ್ಲಿ ಪ್ರಕಟಿಸಿದ ‘ಟೈಮ್‌ಸೇವರ್’ ಗಡಿಯಾರ ಇಟ್ಟುಕೊಂಡು ಆಡುವ ಆಟ. ಇಂಗ್ಲೆಂಡಿನ ಆಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ನಲ್ಲಿ ಗಡಿಯಾರದ ಹಂಗಿಲ್ಲ. ಮೂರು ಹಳಿಗಳು, ಒಂದರಲ್ಲಿ 5, ಉಳಿದೆರಡರಲ್ಲಿ ತಲಾ 3 ವ್ಯಾಗನ್ ಹಿಡಿಯುತ್ತವೆ. ಇರುವುದು 8 ವ್ಯಾಗನ್. ಚೀಟಿ ಎತ್ತಿದಾಗ ಬಂದ 5 ವ್ಯಾಗನ್‌ಗಳನ್ನು ಬಂದ ಸರದಿಯಲ್ಲೇ ಜೋಡಿಸಿ ರೈಲು ಕಟ್ಟಬೇಕು. ಇಷ್ಟು ಪುಟ್ಟ ಹಲಗೆಯ ಮೇಲೆ 6,720 ಬಗೆಯ ಸರದಿಗಳು ಸಾಧ್ಯ. ಎಂಟು ವ್ಯಾಗನ್‌ಗೆ ಹನ್ನೊಂದು ಜಾಗ ಇರುವುದರಿಂದ ಮೂರು ಜಾಗ ಸದಾ ಖಾಲಿ. ಆ ಮೂರು ಖಾಲಿ ಜಾಗಗಳೇ ಆಟವನ್ನು ನಡೆಸುತ್ತವೆ. ಅವನ್ನು ತುಂಬಿಬಿಟ್ಟರೆ ಯಾವ ವ್ಯಾಗನ್ನಿನ ಸರದಿಯೂ ಬದಲಾಗುವುದಿಲ್ಲ. ಎರಡೂ ಆಟ ಈಗ ಕಂಪ್ಯೂಟರಿಗೂ ಬಂದಿವೆ. ಗಡಿಯಾರ ಬೇಕೆನ್ನುವವರು ಆಲೆನ್ ಕಡೆ, ನಿಧಾನವಾಗಿ ಯೋಚಿಸಬೇಕೆನ್ನುವವರು ರೈಟ್ ಕಡೆ ವಾಲುತ್ತಾರೆ.

ಪರದೆಯ ಮೇಲಿನ ಈ ಕಷ್ಟಗಳೆಲ್ಲ ನಿಜವಾದ ಕಬ್ಬಿಣದ ಹಳಿಯ ಮೇಲೆ ಬಂದು ಸೇರಿದ ಜಾಗ ಕನ್ನಡಿಗರಿಗೆ ದೂರದ್ದೇನಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊಲ್ಲಾಪುರ ಇಂದು ಮಹಾರಾಷ್ಟ್ರದ ಜಿಲ್ಲಾ ಕೇಂದ್ರ. ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ನಡೆಯುತ್ತವೆ. ಅದರ ಅಕ್ಕಲಕೋಟೆ ತಾಲ್ಲೂಕು ಕಲಬುರಗಿಯ ಅಫಜಲಪುರಕ್ಕೆ ಅಂಟಿಕೊಂಡಿದೆ. ಅಲ್ಲಿ ಮನೆಮಾತು ಕನ್ನಡವಾದ ಹಳ್ಳಿಗಳು ಬೇಕಾದಷ್ಟು. ಮುಂಬೈಯಿಂದ ಹೊರಟ ರೈಲು ಹಳಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಸೊಲ್ಲಾಪುರ, ಹೊಟಗಿ, ಅಕ್ಕಲಕೋಟೆ ರೋಡ್, ದುಧನಿ, ಕಲಬುರಗಿ, ವಾಡಿ ಎಲ್ಲವೂ ಆ ದಾರಿಯವೇ. ಅಕ್ಕಲಕೋಟೆ ರೋಡ್ ಎಂಬ ಹೆಸರೇ ಹೇಳುವಂತೆ ನಿಲ್ದಾಣ ಇರುವುದು ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ಆಚೆ. ರೈಲಿನಿಂದ ಇಳಿದ ಚೀಲ ಮತ್ತೊಮ್ಮೆ ಗಾಡಿ ಏರದೆ ಊರು ಸೇರುವುದಿಲ್ಲ.

ಜಿಲ್ಲೆಯ ದೊಡ್ಡ ಒಗಟು ಹಳಿಯ ಅಗಲದ್ದು. ಮುಂಬೈ ಮಾರ್ಗ 1,676 ಮಿಲಿಮೀಟರಿನ ಬ್ರಾಡ್ ಗೇಜ್. ಗದಗ, ವಿಜಯಪುರದ ಕಡೆಯಿಂದ ಹೊಟಗಿಗೆ ಬಂದದ್ದು 1,000 ಮಿಲಿಮೀಟರಿನ ಮೀಟರ್ ಗೇಜ್. ಕುರ್ಡುವಾಡಿಯಿಂದ ಬಾರ್ಶಿ, ಪಂಢರಪುರದ ಕಡೆ ಹೋದದ್ದು 762 ಮಿಲಿಮೀಟರಿನ ನ್ಯಾರೋ ಗೇಜ್. ಒಂದೇ ಜಿಲ್ಲೆಯಲ್ಲಿ ಮೂರು ಅಳತೆ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವಂತಿಲ್ಲ. ಹಳಿ ಬದಲಾಗುವ ಕಡೆ ಹಮಾಲರು ಒಂದು ವ್ಯಾಗನ್ನಿನ ಚೀಲಗಳನ್ನು ಇನ್ನೊಂದಕ್ಕೆ ಹೊತ್ತು ತುಂಬಬೇಕಿತ್ತು. ದೊಡ್ಡ ವ್ಯಾಗನ್ನಿನ ಮಾಲು ಸಣ್ಣದರಲ್ಲಿ ಹಿಡಿಸದೆ ಉಳಿಯುತ್ತಿತ್ತು. ಉಳಿದದ್ದಕ್ಕೆ ಇನ್ನೊಂದು ವ್ಯಾಗನ್ ಬರುವವರೆಗೆ ಕಾಯಬೇಕು. ಮಳೆ ಬಂದರೆ ತಾಡಪಾಲು ಹೊದಿಸಬೇಕು. ಎಲ್ಲ ಹಳಿಯೂ ಬ್ರಾಡ್ ಗೇಜ್ ಆಗಿ ಈ ಹೊರೆ ತಪ್ಪಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು.

ಬಾರ್ಶಿ ಹಳಿಯನ್ನು ಕಟ್ಟಿದ ಎಂಜಿನಿಯರ್ ಎವರಾರ್ಡ್ ಕ್ಯಾಲ್ತ್ರಾಪ್. 1897ರಲ್ಲಿ ಅದರ ಮೊದಲ ಭಾಗ ತೆರೆಯಿತು. ಎಂಜಿನ್ ಆಗಲಿ ವ್ಯಾಗನ್ ಆಗಲಿ, ಪ್ರತಿ ಅಚ್ಚಿನ ಮೇಲೆ ಬೀಳುವ ಭಾರ 5 ಟನ್ ಮೀರಬಾರದು, ಎಲ್ಲ ಅಚ್ಚುಗಳಿಗೂ ಸಮನಾಗಿ ಹಂಚಿರಬೇಕು ಎಂಬುದು ಅವರ ಸೂತ್ರ. ಹಾಗೆ ಮಾಡಿದರೆ ತೆಳುವಾದ, ಅಗ್ಗದ ಹಳಿಯೂ ಹೆಚ್ಚು ಸರಕು ಹೊರುತ್ತದೆ. ಮುಂದೆ 1904ರಲ್ಲಿ ಇಂಗ್ಲೆಂಡಿನ ಲೀಕ್ ಅಂಡ್ ಮ್ಯಾನಿಫೋಲ್ಡ್ ಸಣ್ಣ ಹಳಿಯ ಮೇಲೆ ಅವರು ಇನ್ನೊಂದು ಉಪಾಯ ಹೂಡಿದರು. ದೊಡ್ಡ ಹಳಿಯ ವ್ಯಾಗನ್ನನ್ನು ಮಾಲು ಸಮೇತ ಸಣ್ಣ ಹಳಿಯ ತಗ್ಗು ಗಾಡಿಯ ಮೇಲೆ ಹತ್ತಿಸಿ ಸಾಗಿಸುವುದು. ಮಾಲನ್ನು ಮುಟ್ಟುವುದೇ ಬೇಡ, ಅದನ್ನು ಹೊತ್ತ ಗಾಡಿಯನ್ನೇ ಹೊತ್ತರಾಯಿತು. ಇಷ್ಟು ಸರಳವಾದ, ಸುಂದರವಾದ ಉತ್ತರ ಈ ವಿಷಯದಲ್ಲಿ ಬೇರೆ ಸಿಗುವುದು ಕಷ್ಟ.

ಅದೇ ಆಲೋಚನೆ ಶತಮಾನ ದಾಟಿ ಸೊಲ್ಲಾಪುರಕ್ಕೆ ಬಂತು, ಈ ಸಲ ಲಾರಿಗಳ ರೂಪದಲ್ಲಿ. ಕೊಂಕಣ ರೈಲ್ವೆ 1999ರಲ್ಲೇ ಲಾರಿಗಳನ್ನು ರೈಲಿನ ಮೇಲೆ ಸಾಗಿಸುವ ರೋ-ರೋ ಸೇವೆ ಆರಂಭಿಸಿತ್ತು. ನೈಋತ್ಯ ರೈಲ್ವೆಯ ಮೊದಲ ರೋ-ರೋ ಹೊರಟದ್ದು 2020ರ ಆಗಸ್ಟ್ 30ರಂದು, ಬೆಂಗಳೂರು ಪಕ್ಕದ ನೆಲಮಂಗಲದಿಂದ ಸೊಲ್ಲಾಪುರ ಪಕ್ಕದ ಬಾಳೇ ನಿಲ್ದಾಣಕ್ಕೆ. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಹಸಿರು ನಿಶಾನೆ ತೋರಿದರು. ದಾರಿ ಧರ್ಮಾವರಂ, ಗುಂತಕಲ್, ರಾಯಚೂರು, ವಾಡಿ ಮೇಲೆ. ದೂರ 682 ಕಿಲೋಮೀಟರ್. ಒಂದು ರೈಲಿಗೆ 42 ಲಾರಿ, ಲಾರಿಯೊಂದಕ್ಕೆ ಗರಿಷ್ಠ 30 ಟನ್. ವಾಡಿ ದಾಟಿದ ಮೇಲೆ ದುಧನಿ, ಅಕ್ಕಲಕೋಟೆ ರೋಡ್ ನಿಲ್ದಾಣಗಳ ಮುಂದೆಯೇ ಅದು ಹಾದುಹೋಗಬೇಕು.

ರೋ-ರೋ ಹತ್ತಿಸುವ ಬಗೆ ಆಟಗಾರನ ಕಣ್ಣಿಗೆ ತಟ್ಟನೆ ಗುರುತಾಗುತ್ತದೆ. ಬದಿಗೋಡೆ ಇಲ್ಲದ ಚಪ್ಪಟೆ ವ್ಯಾಗನ್‌ಗಳು ಒಂದಕ್ಕೊಂದು ತಗಲಿ ಉದ್ದನೆಯ ರಸ್ತೆಯಂತೆ ನಿಂತಿರುತ್ತವೆ. ನಡುವಿನ ಸಂದಿಗೆ ತಗಡು ಹಾಸಿರುತ್ತದೆ. ಒಂದು ತುದಿಯ ಇಳಿಜಾರಿನಿಂದ ಮೊದಲ ಲಾರಿ ಏರಿ, ಎಲ್ಲ ವ್ಯಾಗನ್ ದಾಟಿ ಆಚೆ ತುದಿಗೆ ಹೋಗಿ ನಿಲ್ಲುತ್ತದೆ. ಅದರ ಹಿಂದೆ ಎರಡನೆಯದು, ಮೂರನೆಯದು. ಒಮ್ಮೆ ಏರಿದ ಮೇಲೆ ಸರದಿ ಬದಲಿಸಲು ಜಾಗವಿಲ್ಲ. ಇಳಿಯುವ ಊರಿನಲ್ಲಿ ಇಳಿಜಾರು ಮುಂದಿನ ತುದಿಗೆ ಸಿಕ್ಕರೆ ಮೊದಲು ಏರಿದ್ದು ಮೊದಲು ಇಳಿಯುತ್ತದೆ. ಹಿಂದಿನ ತುದಿಗೆ ಸಿಕ್ಕರೆ ಕೊನೆಗೆ ಏರಿದ್ದು ಮೊದಲು, ಅದೂ ಹಿಮ್ಮುಖವಾಗಿ, ಆ ಇಕ್ಕಟ್ಟಿನ ಹಲಗೆಯ ಮೇಲೆ ಚಕ್ರ ಸಂಭಾಳಿಸಿಕೊಂಡು ಇಳಿಯಬೇಕು. ಮೊದಲು ಇಳಿಯಬೇಕಾದ ಲಾರಿಯ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಹಿಂದಿನ 41 ಲಾರಿಗಳು ಸರಿಯಾಗಿದ್ದರೂ ಕದಲುವಂತಿಲ್ಲ. ಸೊಕೊಬಾನ್‌ನ ಮೂಲೆ ಇದೇ. ವ್ಯತ್ಯಾಸ ಒಂದು: ಇಲ್ಲಿ ಹೆಜ್ಜೆ ವಾಪಸು ಪಡೆಯುವ ಗುಂಡಿಯ ಬದಲು ಮೆಕ್ಯಾನಿಕ್ ಬರಬೇಕು. ಎತ್ತರದ ನಿಯಮವೂ ಬಿಗಿ. ಲಾರಿಯ ಕೆಳಗೆ ವ್ಯಾಗನ್ನಿನ ಎತ್ತರ ಸೇರುತ್ತದೆ. ವಿದ್ಯುತ್ ಮಾರ್ಗದಲ್ಲಿ ಮೇಲೆ 25,000 ವೋಲ್ಟಿನ ತಂತಿ ಇರುತ್ತದೆ. ಆದ್ದರಿಂದ ಮಾಲನ್ನು ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಪೇರಿಸಿದ ಲಾರಿಗೆ ಇಲ್ಲಿ ಜಾಗವಿಲ್ಲ.

ರೈಲಿಗೂ ಮೊದಲು ಇನ್ನೊಂದು ಒಗಟು ಪೇಟೆಯಲ್ಲೇ ಬಿಡಿಸಬೇಕು. ಸೊಲ್ಲಾಪುರದ ಚಾದರ ಮತ್ತು ಟವೆಲ್ಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ದಾಳಿಂಬೆಗೂ ಇದೆ. ಈರುಳ್ಳಿಯ ಮಾರುಕಟ್ಟೆಯೂ ದೊಡ್ಡದು. ಈ ಮಾಲುಗಳ ಗುಣ ಒಂದೇ ಅಲ್ಲ. ಈರುಳ್ಳಿ ಚೀಲ ತುಂಬಿದರೆ ಲಾರಿಯ ತೂಕ ಮೊದಲು ಮುಗಿಯುತ್ತದೆ, ಜಾಗ ಉಳಿಯುತ್ತದೆ. ಟವೆಲ್ಲಿನ ಮೂಟೆ ಪೇರಿಸಿದರೆ ಜಾಗ ಮೊದಲು ಮುಗಿಯುತ್ತದೆ, ತೂಕ ಉಳಿಯುತ್ತದೆ. ಈರುಳ್ಳಿಗೆ ಗಾಳಿ ಆಡಬೇಕು, ಚಾದರಕ್ಕೆ ಹನಿ ತಾಗಬಾರದು, ದಾಳಿಂಬೆ ಪೆಟ್ಟಿಗೆಯ ಮೇಲೆ ಭಾರ ಬೀಳಬಾರದು. ಎರಡು ಮೂರು ಊರಿನ ಮಾಲು ಒಂದೇ ಲಾರಿಯಲ್ಲಿದ್ದರೆ ಹುಬ್ಬಳ್ಳಿಗೆ ಇಳಿಯುವುದನ್ನು ಮೊದಲು ಒಳಗೆ ತುಂಬಬೇಕು, ವಿಜಯಪುರದ್ದನ್ನು ಕೊನೆಗೆ ಬಾಗಿಲ ಹತ್ತಿರ ಇಡಬೇಕು. ಇದು ತಪ್ಪಿದರೆ ವಿಜಯಪುರದಲ್ಲಿ ಅರ್ಧ ಲಾರಿ ಖಾಲಿ ಮಾಡಿ ಮತ್ತೆ ತುಂಬುವ ಕೂಲಿ. ಹೆಜ್ಜೆ ಎಣಿಸಬೇಕೋ ತಳ್ಳಿದ್ದನ್ನು ಎಣಿಸಬೇಕೋ ಎಂಬ ಸೊಕೊಬಾನ್ ಜಗಳ ಇಲ್ಲಿ ಡೀಸೆಲ್ ಉಳಿಸಬೇಕೋ ಹಮಾಲಿ ಉಳಿಸಬೇಕೋ ಎಂಬ ರೂಪ ತಾಳುತ್ತದೆ. ದಾರಿ ಹತ್ತಿರವಾದರೆ ಎತ್ತಿ ಇಳಿಸುವುದು ಹೆಚ್ಚುತ್ತದೆ, ಎತ್ತಿ ಇಳಿಸುವುದು ಕಡಿಮೆಯಾದರೆ ಸುತ್ತು ಹೆಚ್ಚುತ್ತದೆ.

ಗಡಿಯಾರದ ವಾದವನ್ನು ಇಲ್ಲಿ ಮಾಲೇ ತೀರ್ಮಾನಿಸುತ್ತದೆ. ಚಾದರಕ್ಕೆ ಎರಡು ದಿನ ತಡವಾದರೆ ನಷ್ಟವಿಲ್ಲ. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲುಗಟ್ಟಿದ ಕಬ್ಬಿನ ಗಾಡಿಗಳಿಗೆ ಗಡಿಯಾರ ಓಡುತ್ತಲೇ ಇರುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ಹಣ್ಣು ತರಕಾರಿಗೂ ಅಷ್ಟೇ. 2020ರ ಡಿಸೆಂಬರ್ 28ರಂದು ದೇಶದ ನೂರನೆಯ ಕಿಸಾನ್ ರೈಲು ಹೊರಟದ್ದು ಇದೇ ಜಿಲ್ಲೆಯ ಸಾಂಗೋಲಾದಿಂದ, ಪಶ್ಚಿಮ ಬಂಗಾಳದ ಶಾಲಿಮಾರ್‌ಗೆ. ದಾಳಿಂಬೆ, ದ್ರಾಕ್ಷಿ, ಈರುಳ್ಳಿ, ಎಲೆಕೋಸು, ನುಗ್ಗೆ ಎಲ್ಲವೂ ಒಂದೇ ರೈಲಿನಲ್ಲಿ. ನಡುವಿನ ನಿಲ್ದಾಣಗಳಲ್ಲೂ ಹತ್ತಿಸಿ ಇಳಿಸಬಹುದಿತ್ತು, ಇಷ್ಟೇ ಮಾಲು ಇರಬೇಕೆಂಬ ಕಟ್ಟಳೆ ಇರಲಿಲ್ಲ, ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಶೇ 50ರ ರಿಯಾಯಿತಿಯೂ ಇತ್ತು. ರೈತನಿಗೆ ಇದು ದೊಡ್ಡ ಅನುಕೂಲ. ರೈಲು ತುಂಬಿಸುವವರಿಗೆ ಮಾತ್ರ ಟೈಮ್‌ಸೇವರ್ ಆಟವೇ ಎದುರಾದಂತೆ: ಯಾವ ಊರಿನ ಪೆಟ್ಟಿಗೆ ಯಾವ ಬಾಗಿಲಿನ ಹತ್ತಿರ ಇರಬೇಕೆಂಬುದನ್ನು ಗಾಡಿ ನಿಲ್ಲುವ ಕೆಲವೇ ನಿಮಿಷ ನಿರ್ಧರಿಸುತ್ತಿತ್ತು.

ಈ ಬಗೆಯ ಒಗಟು ಎಷ್ಟು ಕಠಿಣ ಎಂಬುದನ್ನು ಗಣಿತವೂ ಅಳೆದಿದೆ. ಕೆನಡಾದ ಜೋಸೆಫ್ ಕಲ್ಬರ್‌ಸನ್ 1997ರಲ್ಲಿ ಸೊಕೊಬಾನ್ ‘ಪಿಸ್ಪೇಸ್ ಕಂಪ್ಲೀಟ್’ ವರ್ಗದ್ದೆಂದು ಸಾಧಿಸಿದರು. ಗೋದಾಮು ದೊಡ್ಡದಾದಂತೆ ಎಲ್ಲ ನಕ್ಷೆಗಳನ್ನೂ ಬೇಗ ಬಿಡಿಸುವ ಸುಲಭದ ಸೂತ್ರ ಇರುವ ಸಂಭವ ಬಹಳ ಕಡಿಮೆ ಎಂಬುದು ಇದರ ತಾತ್ಪರ್ಯ. ಪಳಗಿದ ಆಟಗಾರರು ಬಳಸುವ ಯುಕ್ತಿ ಉತ್ತರದಿಂದ ಹಿಂದಕ್ಕೆ ಯೋಚಿಸುವುದು: ಪೆಟ್ಟಿಗೆಗಳು ಗುರುತಿನ ಮೇಲೆ ನಿಂತಿವೆ ಎಂದುಕೊಂಡು, ಕೊನೆಯದು ಯಾವ ಕಡೆಯಿಂದ ಬಂದಿರಬೇಕು ಎಂದು ಕೇಳಿಕೊಳ್ಳುವುದು. ಸೊಲ್ಲಾಪುರದ ಪೇಟೆಯಲ್ಲಿ ಹುಬ್ಬಳ್ಳಿಯ ಮೂಟೆಯನ್ನು ಮೊದಲು ಎತ್ತುವ ಹಮಾಲನೂ ಹೀಗೇ ಹಿಂದಿನಿಂದ ಯೋಚಿಸುತ್ತಾನೆ.

ಆಟಗಳು ಬಹುತೇಕ ಬಿಟ್ಟುಬಿಡುವ ಒಂದು ಭಾಗ ಉಳಿದಿದೆ, ವಾಪಸು ಪ್ರಯಾಣ. ಪರದೆಯಲ್ಲಿ ಕೊನೆಯ ಪೆಟ್ಟಿಗೆ ಗುರುತು ಸೇರಿದರೆ ಹಂತ ಮುಗಿಯಿತು. ಬಾಳೇಯಲ್ಲಿ ಇಳಿದ ಬೆಂಗಳೂರಿನ ಲಾರಿ ಮಾಲು ಇಳಿಸಿದ ಮೇಲೆ ಖಾಲಿ ಮರಳಿದರೆ ಬಂದ ಬಾಡಿಗೆಯಲ್ಲಿ ದೊಡ್ಡ ಪಾಲು ಕರಗುತ್ತದೆ. ಹೀಗಾಗಿ ಚಾಲಕ ಮತ್ತು ಕ್ಲೀನರ್ ಟ್ರಾನ್ಸ್‌ಪೋರ್ಟ್ ಆಫೀಸಿನ ಹತ್ತಿರ ಗಾಡಿ ನಿಲ್ಲಿಸಿ ರಿಟರ್ನ್ ಲೋಡಿಗೆ ಕಾಯುತ್ತಾರೆ. ಈರುಳ್ಳಿ ಹಂಗಾಮಿನಲ್ಲಿ ಲೋಡ್ ಬೇಗ ಕುದುರುತ್ತದೆ. ಹಂಗಾಮು ಮುಗಿದಾಗ ಟವೆಲ್ಲಿನ ಮೂಟೆಯೋ ಅಕ್ಕಲಕೋಟೆ, ದುಧನಿ ಕಡೆಯ ತೊಗರಿಯೋ ಸಿಗುವವರೆಗೆ ಲಾರಿ ಅಲ್ಲೇ ನಿಂತಿರುತ್ತದೆ.