ನಿಂತ ಗಾಡಿಯ ಯೋಗಕ್ಷೇಮ: ಅಪರೂಪಕ್ಕೆ ಓಡುವ ವಿದ್ಯುತ್ ಕಾರಿನ ಪಾಲನೆ

ಹೊರನಾಡಿನ ಕನ್ನಡಿಗರು ನೆಲೆಸಿರುವ ದೊಡ್ಡ ನಗರಗಳಲ್ಲಿ ಕಾರುಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ಮುಂಬಯಿಯಲ್ಲಿ ಲೋಕಲ್ ರೈಲು ಮೊದಲಿನಿಂದಲೂ ಇದ್ದಿತು. ದಿಲ್ಲಿಯಲ್ಲಿ ೨೦೦೨ರಿಂದ, ಮುಂಬಯಿಯಲ್ಲಿ ೨೦೧೪ರಿಂದ, ಚೆನ್ನೈಯಲ್ಲಿ ೨೦೧೫ರಿಂದ, ಹೈದರಾಬಾದಿನಲ್ಲಿ ೨೦೧೭ರಿಂದ, ಪುಣೆಯಲ್ಲಿ ೨೦೨೨ರಿಂದ ಮೆಟ್ರೋ ರೈಲು ಓಡುತ್ತಿದೆ. ವಾರದ ದಿನಗಳಲ್ಲಿ ಕಾರನ್ನು ಹೊರತೆಗೆಯುವ ಅಗತ್ಯವೇ ಬೀಳದ ಮನೆಗಳು ಅನೇಕ. ಬೇಸಗೆಯ ರಜೆಯಲ್ಲಿ ಊರಿಗೆ ಹೋದರಂತೂ ತಿಂಗಳು, ಎರಡು ತಿಂಗಳು ಅದು ಕಟ್ಟಡದ ಕೆಳಗೆ ಧೂಳು ಹಿಡಿಯುತ್ತ ನಿಲ್ಲುತ್ತದೆ. ಇಂಥ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಪೆಟ್ರೋಲ್ ಗಾಡಿಯ ಸ್ಥಾನಕ್ಕೆ ವಿದ್ಯುತ್ ಕಾರು ಬಂದಿದೆ. ಎಂಜಿನ್ ಇಲ್ಲ, ಎಣ್ಣೆ ಬದಲಿಸಬೇಕಾಗಿಲ್ಲ, ಆದುದರಿಂದ ನಿಂತರೂ ಕೆಡುವಂಥದು ಏನಿದೆ ಎಂಬ ನಂಬಿಕೆಯೂ ಅದರೊಡನೆ ಬಂದಿದೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಬೆಲೆ ಕೆಲವೊಮ್ಮೆ ಲಕ್ಷಗಳನ್ನು ಮುಟ್ಟುತ್ತದೆ.

ನಿಜವಾದ ಅರ್ಧವನ್ನು ಮೊದಲು ಹೇಳಿಬಿಡಬಹುದು. ಪೆಟ್ರೋಲ್ ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ಪೆಟ್ರೋಲು ಹಳಸುತ್ತದೆ, ಎಂಜಿನ್ನಿನ ಒಳಗೋಡೆಗಳ ಮೇಲಿನ ಎಣ್ಣೆಯ ಪದರ ಇಳಿದುಹೋಗುತ್ತದೆ. ವಿದ್ಯುತ್ ಕಾರಿಗೆ ಈ ಎರಡೂ ಚಿಂತೆಗಳಿಲ್ಲ. ಅದರ ಮೋಟಾರು ವರ್ಷವೊಂದು ನಿಂತು ಎದ್ದರೂ ಮೊದಲ ದಿನದಂತೆಯೇ ತಿರುಗಬಲ್ಲದು. ತೊಂದರೆ ಇರುವುದು ಮೋಟಾರಿನಲ್ಲಲ್ಲ, ಬ್ಯಾಟರಿಯಲ್ಲಿ. ಅದೂ ಒಂದಲ್ಲ, ಎರಡು ಬ್ಯಾಟರಿಗಳಲ್ಲಿ.

ಬ್ಯಾಂಕಿನಲ್ಲಿ ಎರಡು ವರ್ಷ ವ್ಯವಹಾರವಿಲ್ಲದೆ ಬಿದ್ದ ಉಳಿತಾಯ ಖಾತೆಯನ್ನು ನಿಷ್ಕ್ರಿಯವೆಂದು ಬೇರ್ಪಡಿಸುತ್ತಾರೆ. ಆದರೆ ಅದರೊಳಗಿನ ಹಣ ಕರಗುವುದಿಲ್ಲ, ಬಡ್ಡಿಯೂ ಸೇರುತ್ತಿರುತ್ತದೆ. ಬ್ಯಾಟರಿಯಲ್ಲಿಟ್ಟ ವಿದ್ಯುತ್ತಿಗೆ ಆ ಭಾಗ್ಯವಿಲ್ಲ. ಬ್ಯಾಟರಿ ಎಂಬುದು ವಿದ್ಯುತ್ತನ್ನು ತುಂಬಿಟ್ಟ ಹಂಡೆಯಲ್ಲ, ಸದಾ ನಡೆಯುತ್ತಿರುವ ಒಂದು ರಾಸಾಯನಿಕ ವ್ಯಾಪಾರ. ಗಾಡಿ ನಿಂತಿತೆಂದು ರಸಾಯನ ನಿಲ್ಲುವುದಿಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದ್ದು ೧೮೫೯ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬೀದಿಗಳಲ್ಲಿ ಅದರಿಂದ ಓಡುವ ಕಾರುಗಳು ಸಾಕಷ್ಟಿದ್ದವು. ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಹೆನ್ರಿ ಫೋರ್ಡನ ಮಡದಿಯೇ ೧೯೧೪ರ ಒಂದು ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು ಇಟ್ಟುಕೊಂಡಿದ್ದಳು. ಅದೇ ಕಾಲದಲ್ಲಿ ಎಡಿಸನ್ ನಿಕಲ್ ಮತ್ತು ಕಬ್ಬಿಣದ ಬ್ಯಾಟರಿಯನ್ನು ತಯಾರಿಸಿದ. ಅದು ಭಾರ, ದುಬಾರಿ, ಚಳಿಗೆ ಮಂಕಾಗುವಂಥದು. ಆದರೆ ಪೂರ್ತಿ ಬರಿದಾಗಿ ಬಹುಕಾಲ ನಿಂತರೂ ಅದಕ್ಕೆ ಹೆಚ್ಚಿನ ಕೇಡಿಲ್ಲ. ಉದಾಸೀನವನ್ನು ಅಷ್ಟು ಸಹಿಸಬಲ್ಲ ಬ್ಯಾಟರಿ ಇಂದಿನ ಕಾರುಗಳಲ್ಲಿ ಇಲ್ಲ.

ಕರ್ನಾಟಕಕ್ಕೆ ಈ ಪಾಠ ಬಂದದ್ದು ರೇವಾ ಕಾರಿನ ಮೂಲಕ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಸಂಸ್ಥೆಯೊಂದರ ಜತೆಗೂಡಿ ೧೯೯೪ರಲ್ಲಿ ಆರಂಭಿಸಿದ ಉದ್ಯಮದಿಂದ ಈ ಪುಟ್ಟ ಗಾಡಿ ೨೦೦೧ರಲ್ಲಿ ಮಾರುಕಟ್ಟೆಗೆ ಇಳಿಯಿತು. ಲಂಡನ್ನಿನಲ್ಲಿ ಜೀ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಆರು ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳು ಸೇರಿ ೪೮ ವೋಲ್ಟ್. ಒಮ್ಮೆ ತುಂಬಿದರೆ ಸುಮಾರು ೮೦ ಕಿಲೋಮೀಟರಿನ ಓಟ. ಸೀಸದ ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ಅದರ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ. ಕೂಡಲೇ ಮರಳಿ ಚಾರ್ಜು ಮಾಡಿದರೆ ಅದು ಕರಗಿಹೋಗುತ್ತದೆ. ಬರಿದಾದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಆ ಮೆದುವಾದ ಲೇಪ ಗಟ್ಟಿ ಹರಳುಗಳಾಗುತ್ತದೆ. ಮತ್ತೆಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಅದರ ಮೇಲೆ, ಆವಿಯಾದ ನೀರಿಗೆ ಬದಲಾಗಿ ಬಟ್ಟಿ ಇಳಿಸಿದ ನೀರನ್ನು ಆಗಾಗ ತುಂಬಬೇಕು. ರೇವಾದ ಒಡೆಯರಲ್ಲಿ ದಿನವೂ ಓಡಿಸಿ, ರಾತ್ರಿ ತುಂಬಿ, ನೀರು ನೋಡಿಕೊಂಡವರಿಗೆ ಬ್ಯಾಟರಿ ಬಾಳಿತು. ವಾರಕ್ಕೊಮ್ಮೆ ನೆನಪಾದಾಗ ಓಡಿಸಿದವರು ಬೇಗನೆ ಹೊಸ ಬ್ಯಾಟರಿಯ ಖರ್ಚಿಗೆ ಗುರಿಯಾದರು. ಸದಾ ತುಂಬಿರಬೇಕು ಎಂಬುದೇ ಸೀಸದ ಧರ್ಮ.

ಈಗಿನ ಕಾರುಗಳ ದೊಡ್ಡ ಬ್ಯಾಟರಿ ಲಿಥಿಯಂ ಅಯಾನಿನದು. ೧೯೯೧ರಲ್ಲಿ ಮೊದಲು ಮಾರಾಟಕ್ಕೆ ಬಂದ ಈ ಬಗೆಗೆ ೨೦೧೯ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರು ನೊಬೆಲ್ ಪಾರಿತೋಷಕ ಪಡೆದರು. ಇದರ ಧರ್ಮ ಸೀಸದ ಧರ್ಮಕ್ಕೆ ತೀರ ವಿರುದ್ಧ. ಊರಿಗೆ ಹೊರಡುವ ಮುನ್ನ ಟ್ಯಾಂಕು ತುಂಬಿಸಿಡುವ ಹಳೆಯ ಅಭ್ಯಾಸದಿಂದ, ಅಥವಾ ಸೀಸದ ಬ್ಯಾಟರಿಯ ಅನುಭವದಿಂದ, ನೂರಕ್ಕೆ ನೂರು ಚಾರ್ಜು ಮಾಡಿ ಬೀಗ ಹಾಕಿ ಹೋಗುವವರು ಒಳ್ಳೆಯದೆಂದು ಭಾವಿಸಿ ಕೇಡನ್ನೇ ಮಾಡುತ್ತಾರೆ.

ಕಾರಣ ಹೀಗಿದೆ. ಲಿಥಿಯಂ ಕೋಶದ ಋಣಫಲಕ ಸಾಮಾನ್ಯವಾಗಿ ಗ್ರಾಫೈಟಿನದು. ಅದರ ಮೇಲೆ, ಕೋಶದೊಳಗಿನ ದ್ರವದ ಸಂಪರ್ಕದಿಂದ, ಅತಿ ತೆಳುವಾದ ಒಂದು ಪೊರೆ ಬೆಳೆದಿರುತ್ತದೆ. ಆ ಪೊರೆ ಬೇಕಾದದ್ದೇ. ಅದಿಲ್ಲದೆ ಕೋಶ ಬಾಳಲಾರದು. ಆದರೆ ಕಾಲ ಕಳೆದಂತೆ ಪೊರೆ ದಪ್ಪವಾಗುತ್ತ, ಪ್ರತಿ ಬಾರಿಯೂ ಸ್ವಲ್ಪ ಲಿಥಿಯಮನ್ನು ತನ್ನೊಳಗೆ ಕಟ್ಟಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ದುಡಿಮೆಗೆ ಬರುವುದಿಲ್ಲ. ಕೋಶ ತುಂಬಿದಷ್ಟೂ ಈ ಬೆಳವಣಿಗೆ ಚುರುಕು. ಸೆಕೆ ಹೆಚ್ಚಿದಷ್ಟೂ ಇನ್ನಷ್ಟು ಚುರುಕು. ಉಷ್ಣತೆ ೧೦ ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ಇಲ್ಲಿ ನೆನೆಯಬಹುದು. ದಿಲ್ಲಿಯ ಮೇ ತಿಂಗಳ ಬಿಸಿಲಿನಲ್ಲಿ ಪೂರ್ತಿ ತುಂಬಿ ನಿಂತ ಕಾರೂ, ನೆರಳಿನಲ್ಲಿ ಅರ್ಧ ತುಂಬಿ ನಿಂತ ಕಾರೂ ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ಓಡಿದ ಕಿಲೋಮೀಟರುಗಳಿಂದ ಬರುವ ಸವೆತ ಬೇರೆ, ಉರುಳಿದ ದಿನಗಳಿಂದ ಬರುವ ಮುಪ್ಪು ಬೇರೆ. ಅಪರೂಪಕ್ಕೆ ಓಡುವ ಕಾರನ್ನು ಕಾಡುವುದು ಎರಡನೆಯದು.

ಹಾಗೆಂದು ಬರಿದಾಗಲು ಬಿಡುವುದು ಇನ್ನೂ ದೊಡ್ಡ ಅಪಾಯ. ಕೋಶದ ವೋಲ್ಟೇಜು ಒಂದು ಮಿತಿಗಿಂತ ಕೆಳಗೆ ಕುಸಿದರೆ ಋಣಫಲಕಕ್ಕೆ ಆಧಾರವಾದ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಕೋಶವನ್ನು ಮತ್ತೆ ಚಾರ್ಜು ಮಾಡುವುದು ಕ್ಷೇಮವಲ್ಲ. ಟೆಸ್ಲಾ ರೋಡ್‌ಸ್ಟರ್ ಕಾರುಗಳನ್ನು ಹೀಗೆ ಬರಿದಾಗಿ ನಿಲ್ಲಿಸಿ ಇಡೀ ಬ್ಯಾಟರಿಯನ್ನೇ ಬದಲಿಸಬೇಕಾಗಿ ಬಂದವರ ಸುದ್ದಿ ೨೦೧೨ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಚರ್ಚೆಗೆ ಬಂದಿತ್ತು. ಚಾರ್ಜು ಶೂನ್ಯದ ಬಳಿ ಇರುವಾಗ ಗಾಡಿಯನ್ನು ೧೪ ದಿನಗಳಿಗಿಂತ ಹೆಚ್ಚು ಬಿಡಬಾರದೆಂದು ನಿಸ್ಸಾನ್ ಲೀಫ್ ಕಾರಿನ ಕೈಪಿಡಿ ಎಚ್ಚರಿಸುತ್ತದೆ. ಆದುದರಿಂದ ನಡುದಾರಿಯೇ ದಾರಿ: ನೂರಕ್ಕೆ ೪೦ರಿಂದ ೬೦ರವರೆಗೆ ತುಂಬಿ ನಿಲ್ಲಿಸುವುದು, ತಿಂಗಳಿಗೊಮ್ಮೆ ನೋಡುವುದು.

ಲಿಥಿಯಂ ಬ್ಯಾಟರಿಗಳಲ್ಲಿಯೂ ಒಳಜಾತಿಗಳಿವೆ. ಕಬ್ಬಿಣದ ಫಾಸ್ಫೇಟನ್ನು ಬಳಸುವ ಬಗೆಯಲ್ಲಿ ವೋಲ್ಟೇಜು ಬಹುಮಟ್ಟಿಗೆ ಒಂದೇ ಸಮನಾಗಿ ನಿಂತಿರುತ್ತದೆ; ಎಷ್ಟು ಉಳಿದಿದೆಯೆಂದು ಗಣಕಕ್ಕೆ ತಿಳಿಯುವುದು ಕಷ್ಟ. ಲೆಕ್ಕ ಸರಿಪಡಿಸಿಕೊಳ್ಳಲೆಂದೇ ಆಗಾಗ ಪೂರ್ತಿ ತುಂಬಿಸಬೇಕೆಂದು ತಯಾರಕರು ಹೇಳುವುದುಂಟು. ಹಾಗೆ ತುಂಬಿಸಿದ ದಿನವೇ ಒಂದಷ್ಟು ದೂರ ಓಡಿಸಿ ಇಳಿಸಿಬಿಟ್ಟರೆ ಎರಡೂ ಉದ್ದೇಶಗಳು ಕೈಗೂಡುತ್ತವೆ. ತನ್ನ ಕಾರಿನದು ಯಾವ ಜಾತಿಯ ಬ್ಯಾಟರಿ ಎಂಬುದನ್ನು ಅರಿಯದ ಒಡೆಯನಿಗೆ ಯಾವ ಸಲಹೆಯೂ ಅರ್ಧ ಸಲಹೆಯೇ.

ಇನ್ನು ಎರಡನೆಯ ಬ್ಯಾಟರಿ. ಬಹುಜನರು ಇದನ್ನು ಅರಿಯರು. ನಿಂತ ಕಾರುಗಳು ಹೆಚ್ಚಾಗಿ ಕೈಕೊಡುವುದು ಇದರಿಂದಲೇ. ದೊಡ್ಡ ಬ್ಯಾಟರಿಯ ನೂರಾರು ವೋಲ್ಟುಗಳು ಮೋಟಾರಿಗೆ ಮೀಸಲು. ಬಾಗಿಲಿನ ಬೀಗ, ದೀಪ, ಗಣಕಗಳು, ಕಳ್ಳತನದ ಎಚ್ಚರಿಕೆಗಂಟೆ ಇವೆಲ್ಲ ನಡೆಯುವುದು ಪೆಟ್ರೋಲ್ ಗಾಡಿಯಲ್ಲಿರುವಂಥದೇ ಒಂದು ೧೨ ವೋಲ್ಟಿನ ಪುಟ್ಟ ಬ್ಯಾಟರಿಯಿಂದ. ಅನೇಕ ಕಾರುಗಳಲ್ಲಿ ಅದು ಇಂದಿಗೂ ಪ್ಲಾಂಟೆಯ ಸೀಸ-ಆಮ್ಲದ್ದೇ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದೂ ಈ ಪುಟ್ಟದೇ. ಇದು ಸತ್ತಿತೆಂದರೆ ದೊಡ್ಡದರಲ್ಲಿ ಇನ್ನೂರು ಕಿಲೋಮೀಟರಿಗಾಗುವಷ್ಟು ವಿದ್ಯುತ್ತಿದ್ದರೂ ಕಾರು ಕದಲುವುದಿಲ್ಲ. ತಿಜೋರಿ ತುಂಬಿದೆ, ಬೀಗದಕೈ ಮಾತ್ರ ಒಳಗೇ ಉಳಿದಿದೆ ಎಂಬಂತೆ.

ಒಂದು ಲೆಕ್ಕವನ್ನು ನೋಡಬಹುದು. ಪುಟ್ಟ ಬ್ಯಾಟರಿಯ ಸಾಮರ್ಥ್ಯ ೪೦ ಆಂಪಿಯರ್-ಗಂಟೆ ಎಂದೂ, ನಿಂತ ಗಾಡಿ ಸರಾಸರಿ ೩೦ ಮಿಲಿಆಂಪಿಯರ್ ಎಳೆಯುತ್ತದೆಂದೂ ಹಿಡಿದರೆ, ದಿನಕ್ಕೆ ೦.೭೨ ಆಂಪಿಯರ್-ಗಂಟೆ ಖರ್ಚು. ಮೂವತ್ತು ದಿನಗಳಿಗೆ ೨೧.೬, ಅರ್ಧಕ್ಕೂ ಮೀರಿತು. ಎರಡನೆಯ ತಿಂಗಳ ಕೊನೆಗೆ ಏನೂ ಉಳಿಯದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ಇಲ್ಲಿ ಅಕ್ಷರಶಃ ಸತ್ಯ. ಕೆಲವು ಕಾರುಗಳು ದೊಡ್ಡ ಬ್ಯಾಟರಿಯಿಂದ ಪುಟ್ಟದಕ್ಕೆ ತಾವಾಗಿಯೇ ಆಗಾಗ ಉಣಿಸುತ್ತವೆ, ಕೆಲವು ಉಣಿಸುವುದಿಲ್ಲ. ಇದರ ಜತೆಗೆ ದೂರವಾಣಿಯ ಚಪಲ ಬೇರೆ. ಧಾರವಾಡದ ಜಗಲಿಯಲ್ಲಿ ಕುಳಿತು ಮುಂಬಯಿಯ ಕಾರು ಹೇಗಿದೆಯೆಂದು ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಬಾರಿ ಇಣುಕಿ ನೋಡಿದರೆ, ಪ್ರತಿ ಬಾರಿಯೂ ಅದರ ಗಣಕಗಳು ನಿದ್ದೆಯಿಂದ ಎದ್ದು ವಿದ್ಯುತ್ತನ್ನು ವ್ಯಯಿಸುತ್ತವೆ. ನಿಂತಾಗ ದಿನಕ್ಕೆ ನೂರಕ್ಕೆ ಸುಮಾರು ಒಂದರಂತೆ ದೊಡ್ಡ ಬ್ಯಾಟರಿ ಇಳಿಯಬಹುದೆಂದು ಟೆಸ್ಲಾದ ಕೈಪಿಡಿಯೇ ಹೇಳುತ್ತದೆ. ಆ ಲೆಕ್ಕದಲ್ಲಿ ಅರ್ಧ ತುಂಬಿ ನಿಲ್ಲಿಸಿದ್ದು ಐವತ್ತು ದಿನಗಳಲ್ಲಿ ಬರಿದು. ಎಲ್ಲ ಕಾರುಗಳೂ ಇಷ್ಟು ಎಳೆಯುವುದಿಲ್ಲವಾದರೂ, ಕಾವಲು ಕ್ಯಾಮೆರಾ ಮುಂತಾದವನ್ನು ಆರಿಸಿ ಹೋಗುವುದು ಲೇಸು.

ಪುಟ್ಟ ಬ್ಯಾಟರಿಗೆ ಸುಲಭದ ಮದ್ದೆಂದರೆ ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಕ್ಕೊಮ್ಮೆ, ಗಾಡಿಯನ್ನು ಅರ್ಧ ಗಂಟೆ ಓಡಿಸುವುದು. ದೀರ್ಘಕಾಲ ಊರಲ್ಲಿಲ್ಲದವರು ಸಣ್ಣ ಚಾರ್ಜರೊಂದನ್ನು ಅದಕ್ಕೆ ಜೋಡಿಸಿಡಬಹುದು. ಋಣತಂತಿಯನ್ನು ಕಳಚಿಡುವುದಕ್ಕೆ ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಕೈಪಿಡಿಯನ್ನು ಓದದೆ ಕೈಹಾಕಬಾರದು. ಇನ್ನು ಕಾರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಯೇ ಹೋಗುವುದಾದರೆ ಚಾರ್ಜಿನ ಮಿತಿಯನ್ನು ಗೊತ್ತುಮಾಡುವ ಅನುಕೂಲ ಅದರಲ್ಲಿರಬೇಕು. ೧೫ ಆಂಪಿಯರಿನ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇರಬೇಕು. ಹಳೆಯ ಕಟ್ಟಡಗಳಲ್ಲಿ ಈ ಎರಡನೆಯದನ್ನು ವಿದ್ಯುತ್ ಕೆಲಸಗಾರನಿಂದ ಪರೀಕ್ಷಿಸದೆ ನಂಬುವಂತಿಲ್ಲ.

ಉಳಿದ ಅಂಗಗಳ ಮಾತು ಬೇಗ ಮುಗಿಯುತ್ತದೆ. ವಿದ್ಯುತ್ ಕಾರು ಭಾರವಾದದ್ದು. ನಿಂತಲ್ಲೇ ನಿಂತರೆ ಟಯರು ನೆಲ ಮುಟ್ಟುವ ಕಡೆ ಚಪ್ಪಟೆಯಾಗುತ್ತದೆ. ಗಾಳಿಯನ್ನು ತಿಂಗಳಿಗೊಮ್ಮೆ ನೋಡಿ, ಗಾಡಿಯನ್ನು ಒಂದೆರಡು ಅಡಿ ಸರಿಸಬೇಕು. ಈ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಭಾಗವನ್ನು ಮೋಟಾರೇ ಮಾಡುವುದರಿಂದ ಬ್ರೇಕಿನ ತಟ್ಟೆಗಳು ಮೊದಲೇ ಕಡಿಮೆ ಉಜ್ಜಲ್ಪಡುತ್ತವೆ. ಸಮುದ್ರತೀರದ ಮಳೆಗಾಲದಲ್ಲಿ ಅವು ತುಕ್ಕು ಹಿಡಿದು ಅಂಟಿಕೊಳ್ಳುವುದುಂಟು. ಖಾಲಿ ರಸ್ತೆಯಲ್ಲಿ ಕೆಲವು ಬಾರಿ ಬಲವಾಗಿ ಬ್ರೇಕು ಒತ್ತಿದರೆ ತುಕ್ಕು ಉಜ್ಜಿಹೋಗುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವಂಥದು. ಓಡಲಿ ಬಿಡಲಿ, ಗೊತ್ತಾದ ಅವಧಿಗೆ ಅದನ್ನು ಬದಲಿಸಲೇಬೇಕು. ಇಲಿಗಳ ವಿಷಯ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಕಿತ್ತಳೆ ಬಣ್ಣದ ತಂತಿಯನ್ನು ಅವು ಕಡಿದಿದ್ದರೆ ಒಡೆಯ ಅದನ್ನು ಮುಟ್ಟಕೂಡದು. ಅದು ದೊಡ್ಡ ವೋಲ್ಟೇಜಿನ ದಾರಿ.

ಆದರೆ ನೀರಿನ ಅಪಾಯವನ್ನು ಬೇಗ ಮುಗಿಸುವಂತಿಲ್ಲ. ಚೆನ್ನೈಯಲ್ಲಿ ೨೦೧೫ರ ಡಿಸೆಂಬರಿನಲ್ಲೂ, ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ನೆಲಮಾಳಿಗೆಗಳಲ್ಲಿ ನಿಂತ ಕಾರುಗಳು ಮುಳುಗಿದವು. ಬ್ಯಾಟರಿಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಕೊಡುವ ಐಪಿ ೬೭ ಎಂಬ ದರ್ಜೆಯ ಅರ್ಥ, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯಬಲ್ಲದು ಎಂದಷ್ಟೆ. ನೆಲಮಾಳಿಗೆಯ ನೀರು ದಿನಗಟ್ಟಲೆ ನಿಲ್ಲುವುದುಂಟು. ಉಪ್ಪುನೀರಾದರೆ ಇನ್ನೂ ಕೇಡು. ೨೦೨೨ರ ಇಯಾನ್ ಚಂಡಮಾರುತದ ಬಳಿಕ ಅಮೆರಿಕದ ಫ್ಲಾರಿಡಾದಲ್ಲಿ ಮುಳುಗಿ ಎದ್ದ ಹಲವು ವಿದ್ಯುತ್ ಕಾರುಗಳಿಗೆ ಬೆಂಕಿ ಹತ್ತಿತು. ಮುಳುಗಿದ ಕಾರನ್ನು ಚಾಲೂ ಮಾಡುವುದಾಗಲಿ, ಚಾರ್ಜಿಗೆ ಹಾಕುವುದಾಗಲಿ ಸಲ್ಲದು. ಕಟ್ಟಡದಿಂದ ದೂರ ಎಳೆಸಿ ತಜ್ಞರಿಗೆ ಒಪ್ಪಿಸಬೇಕು. ಮಳೆಗಾಲದಲ್ಲಿ ಊರಿಗೆ ಹೊರಟವರು ಕಾರನ್ನು ನೆಲಮಾಳಿಗೆಯಿಂದ ಮೇಲಕ್ಕೆ ತರುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಇಷ್ಟೆಲ್ಲ ಕೇಳಿದ ಬಳಿಕ ಒಂದು ಶಂಕೆ ಹುಟ್ಟುವುದು ಸಹಜ: ಅಪರೂಪಕ್ಕೆ ಓಡಿಸುವವನು ವಿದ್ಯುತ್ ಕಾರನ್ನು ಕೊಳ್ಳುವುದೇ ಉಚಿತವೆ? ಲೀಟರಿಗೆ ನೂರು ರೂಪಾಯಿ, ೧೫ ಕಿಲೋಮೀಟರು ಎಂದು ಹಿಡಿದರೆ ಪೆಟ್ರೋಲ್ ಗಾಡಿಯ ಕಿಲೋಮೀಟರಿಗೆ ೬.೬೭ ರೂಪಾಯಿ. ಯೂನಿಟ್ಟಿಗೆ ಹತ್ತು ರೂಪಾಯಿ, ಏಳು ಕಿಲೋಮೀಟರು ಎಂದರೆ ವಿದ್ಯುತ್ತಿನದು ೧.೪೩. ಉಳಿತಾಯ ೫.೨೪. ವರ್ಷಕ್ಕೆ ೧೫,೦೦೦ ಕಿಲೋಮೀಟರು ಓಡಿಸುವವನಿಗೆ ೭೮,೬೦೦ ರೂಪಾಯಿ ಉಳಿಯಿತು; ಕೊಳ್ಳುವ ಬೆಲೆಯಲ್ಲಿ ಮೂರು ಲಕ್ಷದ ಅಂತರವಿದ್ದರೂ ನಾಲ್ಕು ವರ್ಷಕ್ಕೆ ಮೊದಲೇ ತೀರಿತು. ವರ್ಷಕ್ಕೆ ೩,೦೦೦ ಓಡಿಸುವವನಿಗೆ ಉಳಿಯುವುದು ಸುಮಾರು ೧೫,೭೦೦. ಅಂತರ ತೀರಲು ಹತ್ತೊಂಬತ್ತು ವರ್ಷ ಬೇಕು. ಭಾರತದಲ್ಲಿ ಬ್ಯಾಟರಿಗೆ ಸಾಮಾನ್ಯವಾಗಿ ಸಿಗುತ್ತಿರುವ ಭರವಸೆ ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರು, ಯಾವುದು ಮೊದಲೋ ಅದು. ಈತ ೨೪,೦೦೦ ಕಿಲೋಮೀಟರು ಓಡಿಸುವಷ್ಟರಲ್ಲಿ ಎಂಟು ವರ್ಷಗಳು ತೀರಿರುತ್ತವೆ. ಹಣದ ದೃಷ್ಟಿಯೊಂದರಿಂದಲೇ ನೋಡಿದರೆ ಇದು ಲಾಭದ ವ್ಯಾಪಾರವಲ್ಲ. ಹೊಗೆಯಿಲ್ಲ, ಸದ್ದಿಲ್ಲ ಎಂಬ ಕಾರಣಗಳಿಗಾಗಿ ಕೊಂಡವರದು ಬೇರೆ ಮಾತು. ಈಗಾಗಲೇ ಕೊಂಡವರಿಗಂತೂ ಪಾಲನೆಯೊಂದೇ ಉಳಿದ ದಾರಿ.

ಎರಡು ತಿಂಗಳು ಊರಲ್ಲಿದ್ದು ಮರಳಿದವರು ಕಾರಿನ ಕೆಳಗೆ, ಮುಂದೆ ಒಮ್ಮೆ ಬಗ್ಗಿ ನೋಡಿ, ಟಯರುಗಳಿಗೆ ಗಾಳಿ ತುಂಬಿಸಿ, ಮೊದಲ ನಾಲ್ಕಾರು ಕಿಲೋಮೀಟರು ನಿಧಾನವಾಗಿ ಬ್ರೇಕು ಪರೀಕ್ಷಿಸುತ್ತ ಓಡಿಸಬೇಕು. ಅತಿವೇಗದ ಚಾರ್ಜನ್ನು ಅಂದು ಬಿಟ್ಟು, ಆ ರಾತ್ರಿ ಮನೆಯ ಪ್ಲಗ್ಗಿನಿಂದಲೇ ಮೆಲ್ಲಗೆ ನೂರಕ್ಕೆ ಎಂಬತ್ತರವರೆಗೆ ತುಂಬಿದರೆ ಸಾಕು.